ಲಿಂಕಿನ ಬಾಲ

ಅದೇ ಬಾಡಿಗೆ ಕೋಣೆ, ಮೂರನೇ ಮಹಡಿ
ಶನಿವಾರ, ಹನ್ನೊಂದನೇ ತಾರೀಕು

ಅಕ್ಕರೆಯ ಅಕ್ಕನಿಗೆ,

ಹೇಗಿದ್ದೀಯ? ಸೊಂಟದ ನೋವು ಇಳಿಯಿತೇ? ಪಾಪು ಗೋಡೆ ಹಿಡಿದು ನಿಲ್ಲುತ್ತಾಳೆಂದು ಭಾವ ಹೇಳಿದರು. ಧೊಪ್ಪೆಂದು ಬೀಳುವುದನ್ನೂ ಒಂದು ಫೋಟೋ ತೆಗೆದಿಡು. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಬೇರೆ ಯಾರಾದರೂ ನಿನ್ನ ಕಿವಿಗೆ ಹಾಕುವ ಮೊದಲು ನಾನೇ ಹೇಳಿಬಿಡುತ್ತೇನೆ: ಸೋಮವಾರದಿಂದ ನನ್ನನ್ನು ಕೆಲಸದಿಂದ ಹೊರಗಿಟ್ಟಿದ್ದಾರೆ. ಅಳಬೇಡ. ನಾನು ಅತ್ತಿಲ್ಲ.

ನೀನು ಆರು ವರ್ಷ ದುಡಿದ ಆ ಬಟ್ಟೆ ಒಗೆಯುವ ಕಾರ್ಖಾನೆ ಈಗಲೂ ಹಾಗೇ ಇದೆ. ಆಸ್ಪತ್ರೆಗಳ ಹಾಸುಬಟ್ಟೆ ರಾಶಿ ರಾಶಿ ಬರುತ್ತದೆ, ಇಸ್ತ್ರಿ ಹಾಲಿನಲ್ಲಿ ನಾವು ಹಬೆಯಲ್ಲಿ ಬೇಯುತ್ತೇವೆ. ಹೋದ ತಿಂಗಳು ಮೇನೇಜರು ಎಲ್ಲರ ಫೋನಿಗೂ ಒಂದು ಲಿಂಕ್ ಕಳಿಸಿದ. ತೆರೆದರೆ ನೋಟಿಸು: ಗಾಳಿಯ ನೆಪದಲ್ಲಿ ಹೊರಗೆ ನಿಲ್ಲುವವರು ಹೆಚ್ಚಾಗಿರುವುದರಿಂದ ಕೆಲಸದ ಹೊತ್ತಿನಲ್ಲಿ ಇಸ್ತ್ರಿ ಹಾಲಿನ ಹಿಂಬಾಗಿಲಿಗೆ ಬೀಗ ಹಾಕಲಾಗುವುದು. ಓದಿ ಮೈಯೆಲ್ಲ ಉರಿದುಹೋಯಿತು. ಆ ಲಿಂಕನ್ನು ಹಾಗೆಯೇ ಒಬ್ಬ ಪತ್ರಕರ್ತೆಗೆ ಕಳಿಸಿದೆ. ನನ್ನ ಹೆಸರು ಹಾಕಬೇಡಿ ಎಂದೆ. ಪಾಪ, ಆಕೆ ಹಾಕಲಿಲ್ಲ. ಲಿಂಕನ್ನು ಮಾತ್ರ ಸುದ್ದಿಯ ಕೆಳಗೆ ಇದ್ದಂತೆಯೇ ಹಾಕಿದರು.

ಮೂರನೇ ದಿನ ಮೇನೇಜರು ಕರೆಸಿದ. ಗಂಜಿ ಹಾಕಿದ ಅಂಗಿ ನೋಡಿ 'ಗರಿಗರಿ' ಎಂದು ನೀನು ಹೆಸರಿಟ್ಟಿದ್ದೆಯಲ್ಲ, ಅದೇ ಮನುಷ್ಯ. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, "ನಿನ್ನ ಲಿಂಕು ಎರಡು ಸಾವಿರ ಸಲ ಓಪನ್ ಆಗಿದೆ. ಅಷ್ಟೂ ಸಲ ನೀನೇ ಓದಿದ್ಯಾ?" ಎಂದ. ಸೋಮವಾರದೊಳಗೆ ಕ್ಷಮಾಪಣೆ ಬರೆದುಕೊಡಬೇಕಂತೆ. ಎಲ್ಲರಿಗೂ ಬಂದದ್ದು ಒಂದೇ ಲಿಂಕಲ್ಲವೇ, ಅದು ನನ್ನದು ಹೇಗಾಯಿತು ಎಂದು ತಲೆ ಕೆರೆದುಕೊಳ್ಳುತ್ತಲೇ ಹೊರಗೆ ಬಂದೆ.

ಮೂಲೆಯ ಮೊಬೈಲ್ ರಿಪೇರಿ ಅಂಗಡಿಯ ಆಂಟಿ ನನ್ನ ಫೋನನ್ನೂ ಜೊತೆಯವಳ ಫೋನನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿದರು. ಪ್ರಶ್ನಾರ್ಥಕ ಚಿಹ್ನೆಯವರೆಗೆ ಎರಡೂ ಒಂದೇ. ಅದರಾಚೆಗೆ ಉದ್ದದ ಬಾಲ, ಅದು ಬೇರೆ ಬೇರೆ. ನನ್ನದರ ತುದಿಯಲ್ಲಿ ನನ್ನ ಹಾಜರಿ ನಂಬರು! "ಯಾರ ಲಿಂಕು ಎಲ್ಲೆಲ್ಲಿ ಓಡಾಡ್ತು ಅಂತ ನೋಡೋಕೆ ಈ ಬಾಲ ಕಣಮ್ಮ. ಬಟ್ಟೆ ಮಾರೋರು, ವಿಡಿಯೋ ತೋರಿಸೋರು, ತುಂಬ ಜನ ಅಂಟಿಸ್ತಾರೆ," ಎಂದು ಬಾಲ ಅಳಿಸಿ ಒತ್ತಿದರು. ಪುಟ ಏನೂ ಆಗಿಲ್ಲವೆಂಬಂತೆ ತೆರೆದುಕೊಂಡಿತು. ಪಾಪುವಿಗೆ ಅಂಗಿ ಕೊಳ್ಳಲು ನಾನೂ ನೀನೂ ಕಳಿಸಿಕೊಂಡ ಲಿಂಕುಗಳನ್ನು ತೆಗೆದು ನೋಡಿದೆ. ಅವುಗಳಿಗೂ ಬಾಲ! ನಾನು ಯಾರು, ನನ್ನಿಂದ ಯಾರಿಗೆ ಹೋಯಿತು ಎಂದು ಲೆಕ್ಕವಿಡಲು ಇವರಿಗೆ ಯಾರು ಹೇಳಿದರು?

ಸೋಮವಾರ ಬರೆದುಕೊಟ್ಟೆ: 'ನೋಟಿಸು ಕಳಿಸಿದ್ದು ನಾನೇ. ಬೀಗ ತೆಗೆಯುವವರೆಗೆ ಇನ್ನೂ ಕಳಿಸುತ್ತೇನೆ.' ನಿಂತ ಕಾಲಲ್ಲೇ ಹೊರಗೆ ಹಾಕಿದರು. ಮಾರನೆಯ ದಿನ ಏನಾಯಿತು ಗೊತ್ತೇ? ಇಸ್ತ್ರಿ ಹಾಲಿನ ನಲವತ್ತೊಂದು ಮಂದಿಯೂ ತಮ್ಮ ತಮ್ಮ ಲಿಂಕನ್ನು ಬಾಲ ಸಮೇತ ಕಂಡಕಂಡವರಿಗೆಲ್ಲ ಕಳಿಸಿದರು. ಹಾಸುಬಟ್ಟೆ ಮಡಿಸುವ ಅಜ್ಜಿಯೊಬ್ಬಳದೇ ಐದು ಸಾವಿರ ಸಲ ತೆರೆಯಿತಂತೆ. ಗರಿಗರಿ ಕರೆದು ಕೇಳಿದರೆ, "ಕಣ್ಣು ಮಂಜು ಸಾರ್, ಒಂದೇ ಸಲಕ್ಕೆ ಓದೋಕಾಗಲ್ಲ," ಎಂದಳಂತೆ!

ಬುಧವಾರ ಸರ್ಕಾರಿ ತಪಾಸಣೆಯವರು ಬಂದು ಬೀಗ ತೆಗೆಸಿದರು. ನನ್ನನ್ನು ಮಾತ್ರ ಇನ್ನೂ ಒಳಗೆ ಬಿಟ್ಟಿಲ್ಲ. ದಿನಾ ಬೆಳಿಗ್ಗೆ ಕೆಲಸದ ಬಟ್ಟೆಯಲ್ಲೇ ಗೇಟಿನ ಮುಂದೆ ಹೋಗಿ ನಿಲ್ಲುತ್ತೇನೆ. ಕದ್ದು ನೋಡಿದವರು ಈಗ ಕಣ್ಣೆದುರೇ ನೋಡಲಿ.

ಭಾವನಿಗೆ ನಮಸ್ಕಾರ. ಪಾಪುವಿನ ಎರಡೂ ಕೆನ್ನೆಗೆ ನನ್ನ ಮುತ್ತು.

ನಿನ್ನ ಮೊಂಡು ತಂಗಿ

ಇನ್ನೊಂದು ಮಾತು. ಬರೆಯಲು ಅಳುಕಿ ಕೊನೆಗೆ ಉಳಿಸಿಕೊಂಡೆ. ಹೋದ ವರ್ಷ ಇಸ್ತ್ರಿ ಹಾಲಿನಲ್ಲಿ ಹೊಗೆ ತುಂಬಿದಾಗ ಅದೇ ಹಿಂಬಾಗಿಲಿನಿಂದ ಪಾರಾದವರ ಹೇಳಿಕೆ ತಪಾಸಣೆಯವರಿಗೆ ಬೇಕಂತೆ. ನಿನ್ನ ಹೆಸರು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಫೋನಿನಲ್ಲಿ ಕೇಳಿದರೆ ನನಗೋಸ್ಕರ ತಟ್ಟನೆ ಹೂಂ ಅಂದುಬಿಡುತ್ತೀಯ. ಅದಕ್ಕೇ ಈ ಕಾಗದ. ನಿಧಾನಕ್ಕೆ ಯೋಚಿಸು. ಬೇಡ ಎಂದರೆ ನಿನ್ನ ಹೆಸರು ನನ್ನ ಬಾಯಿಂದ ಯಾರಿಗೂ ಹೋಗುವುದಿಲ್ಲ. ಕೊಡಲೇ, ಅಕ್ಕಾ?