ಅಪ್ಪನ ಕಾಫಿ ಒರಳು

ಸಾಲ್ಮಿ ಮರಳುಗಾಡು, ಕುವೈತ್
ಗುರುವಾರ

ಅಮ್ಮನಿಗೆ ಸಲಾಂ.

ಡೇರೆ ಹಾಕಿದ್ದಾಯಿತು. ಮೊದಲು ಗಾಳಿಗೆ ಎದುರಾಗಿ ಬಾಗಿಲಿಟ್ಟು ಒಳಗೆಲ್ಲ ಮರಳು ತುಂಬಿಸಿಕೊಂಡೆ, ಕಿತ್ತು ತಿರುಗಿಸಿದೆ. ಅಪ್ಪ ತೀರಿಹೋದ ಮೇಲೆ ನೀನು ಶೋಕ ಹಿಡಿದು ಮನೆಯೊಳಗೇ ಕೂರಬೇಕಾದ ದಿನಗಳಲ್ಲಿ ಬಿಟ್ಟು ಬಂದೆನೆಂದು ಬೇಸರಿಸಬೇಡ. ಅವರು ಪ್ರತಿ ಚಳಿಗಾಲ ಇಲ್ಲಿಗೆ ಕರೆದಾಗ ನೆಪ ಹೇಳಿದವನು ಈಗ ಒಬ್ಬನೇ ಬಂದಿದ್ದೇನೆ. ಅವರ ಗಂಟಿನಲ್ಲಿ ಎರಡು ಹಾಸಿಗೆಗಳಿದ್ದವು. ಒಂದೇ ಸಾಕೆಂದು ಇನ್ನೊಂದನ್ನು ಜೀಪಿನಲ್ಲೇ ಬಿಟ್ಟೆ.

ಇವತ್ತು ಬೆಳಿಗ್ಗೆ ಅಪ್ಪನ ಹಿತ್ತಾಳೆ ಒರಳಿನಲ್ಲಿ ಕಾಫಿ ಕುಟ್ಟಿದೆ. ಮನೆಯಲ್ಲಿ ದಿನಾ ಕೇಳಿ ಕೇಳಿ ಕೈಗೆ ಅವರದೇ ಲಯ ಬಂತು: ಎರಡು ಏಟು ಒಳಗೆ, ಒಂದು ಅಂಚಿಗೆ. ಇಲ್ಲಿ ಆ ಸದ್ದೇ ನೆರೆಯವರಿಗೆ ಕರೆ ಎಂಬುದು ನನಗೆ ಹೊಳೆಯಲಿಲ್ಲ. ಪಕ್ಕದ ಡೇರೆಯ ಮುದುಕ ಅಬು ಮಿತಬ್ ಕೋಲೂರಿಕೊಂಡು ಬಂದ. ಅವನಿಗೆ ಕಣ್ಣು ಪೂರ್ತಿ ಹೋಗಿದೆ.

“ಬಂದ್ಯೇನಯ್ಯಾ, ಫರ್ರಾಜ್‌ನ ಅಪ್ಪ? ಈ ಸಲ ಭಾಳ ಕಾಯಿಸ್ಬಿಟ್ಟೆ” ಎಂದ, ನನ್ನನ್ನು ಅಪ್ಪನೆಂದುಕೊಂಡು.

ನನ್ನ ದನಿ ಅಪ್ಪನದೇ ಎನ್ನುತ್ತಿದ್ದೆಯಲ್ಲ. ಬಾಯಿ ಬಿಡಲು ಹೆದರಿ ಕಾಫಿ ಬಗ್ಗಿಸಿದೆ. ಅವನು ಮೂರು ಬಟ್ಟಲು ಕುಡಿದು, ಸಾಕೆಂದು ಬಟ್ಟಲು ಅಲ್ಲಾಡಿಸಿ ಕೊಟ್ಟ.

“ನಿನ್ನ ಮಗ ಈ ಸಲಾನೂ ಬರ್ಲಿಲ್ವಾ? ಬರ್ತಾನೆ ಅಂತ ಪ್ರತಿ ವರ್ಷ ಹಾಸಿಗೆ ಬೇರೆ ಹಾಸಿಡ್ತೀಯ.”

“ಇಲ್ಲ, ಬರ್ಲಿಲ್ಲ” ಎಂದೆ.

ಮುದುಕ ನಾಳೆಯೂ ಬರುತ್ತಾನಂತೆ. ನಾಳೆ ನಿಜ ಹೇಳುತ್ತೇನೆ. ಈ ಪತ್ರ ತರುವವರ ಕೈಯಲ್ಲಿ ಕಾಫಿ ಬೀಜ, ಏಲಕ್ಕಿ ಕಳಿಸು.

ಜೀಪಿನಿಂದ ಇನ್ನೊಂದು ಹಾಸಿಗೆಯನ್ನೂ ತಂದು ಹಾಸಿದ್ದೇನೆ.

ನಿನ್ನ ಮಗ
ಫರ್ರಾಜ್