ಹಳೇ ಕತ್ತರಿಯ ಸಲಹೆ

ಕೆಲಸದ ಕೋಣೆ,
ಮಾರ್ಚ್ 12, ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಹಾಸ್ಟೆಲಿನಲ್ಲಿ ಹಿಡಿದ ಕೆಮ್ಮು ಬಿಟ್ಟಿತೋ ಇಲ್ಲವೋ? ಬಿಸಿನೀರು ಕುಡಿ ಅಂದರೆ ‘ಆಯ್ತಮ್ಮ’ ಅಂತೀಯ, ಕುಡಿಯುವುದಿಲ್ಲ, ನನಗೆ ಗೊತ್ತು. ನಾನು ಚೆನ್ನಾಗಿದ್ದೇನೆ, ಕೈ ಮಾತ್ರ ಎರಡು ದಿನದಿಂದ ಸುಮ್ಮನೆ ಕೂತಿದೆ.

ಕಳೆದ ವಾರ ನಿವೃತ್ತ ನರ್ಸ್ ಒಬ್ಬರು ಆಲ್ಬಮ್ ತಂದುಕೊಟ್ಟರು. ಅವರ ತಂದೆಯ ಹನ್ನೊಂದು ಪತ್ರಗಳನ್ನು ಯಾರೋ ಅಂಟು ಬಳಿದು ಅದಕ್ಕೆ ಮೆತ್ತಿದ್ದಾರೆ, ಬಿಡಿಸಿಕೊಡಬೇಕು. ‘ಅಪ್ಪನ ಕೈಬರಹ ಅಂತ ಉಳಿದಿರೋದು ಇಷ್ಟೇ ಕಣಮ್ಮಾ’ ಅಂದರು. ಇಷ್ಟು ವರ್ಷ ಪುಸ್ತಕ ರಿಪೇರಿ ಮಾಡಿದರೂ ನಾನು ಬಿಡಿಸಿದ್ದೆಲ್ಲ ಅಚ್ಚಾದ ಹಾಳೆ. ಪೆನ್ನಿನ ಶಾಯಿ ನನಗೆ ಹೊಸದು. ಅದಕ್ಕೇ ನೀನು ಸೇರಿಸಿಕೊಟ್ಟ ಎರಡೂ ಆನ್‌ಲೈನ್ ಗುಂಪುಗಳಲ್ಲಿ ಕೇಳಿದೆ. ದೊಡ್ಡದರಲ್ಲಿ ಇಪ್ಪತ್ತಾರು ಸಾವಿರ ಜನ. ಒಬ್ಬ ಆವಿ ಹಿಡಿ ಅಂದ, ಇನ್ನೊಬ್ಬ ಬ್ಲೇಡು ಹಾಕು ಅಂದ, ಮೂರನೆಯವನು ತನ್ನ ಅಂಗಡಿಯ ದ್ರಾವಣ ಕೊಳ್ಳಿ ಅಂದ. ಒಬ್ಬಾಕೆ ಮಾತ್ರ ‘ಮೊದಲು ಶಾಯಿ ಪರೀಕ್ಷಿಸಿ’ ಅಂದಳು. ಆ ಗದ್ದಲದಲ್ಲಿ ಅವಳ ಮಾತು ಯಾರಿಗೂ ಕೇಳಲಿಲ್ಲ, ನನಗೂ.

ಸಣ್ಣ ಗುಂಪಿನಲ್ಲಿ ನಾನೂ ಸೇರಿ ಒಂಬತ್ತೇ ಜನ. ಅಲ್ಲಿ ‘ಹಳೇ ಕತ್ತರಿ’ ಅನ್ನುವ ಹೆಸರಿನವರನ್ನು ಎಲ್ಲರೂ ಗುರುಗಳೇ ಅಂತಾರೆ. ಅವರು ಬರೆದರು: ‘ಒದ್ದೆ ಬ್ಲಾಟಿಂಗ್ ಪೇಪರ್ ಇಟ್ಟು ಸುಮ್ಮನಿರಿ. ಎಳೆಯಬೇಡಿ, ಹಾಳೆಗೆ ಮನಸ್ಸಾದಾಗ ಅದೇ ಬರುತ್ತೆ.’ ಕವಿತೆಯ ಸಾಲಿನಂತಿದೆ ಅಂತ ಎರಡು ಸಲ ಓದಿದೆ. ಮೂರನೇ ಸಲ ಓದುವಾಗ ಹೊಳೆಯಿತು. ಅದು ನನ್ನದೇ ಮಾತು! ನೀನು ಎಂಟನೇ ಕ್ಲಾಸಿನಲ್ಲಿದ್ದಾಗ, ರಟ್ಟಿಗೆ ಅಂಟಿದ್ದ ಅಚ್ಚಿನ ಭೂಪಟ ಬಿಡಿಸುತ್ತಾ ನಿನಗೆ ಹೇಳಿದ್ದು. ಬೇರೆಯವರ ಬಾಯಲ್ಲಿ ಅದೇ ಪದ, ಅದೇ ಧಾಟಿ ಬರುತ್ತದೆಯೇ? ನಿನ್ನೆಯಿಂದ ನೀನು ಫೋನು ಬೇರೆ ಎತ್ತುತ್ತಿಲ್ಲ. ಅದಕ್ಕೇ ಈ ಇಮೇಲ್. ಅಮ್ಮನಿಗೆ ಧೈರ್ಯ ಬರಲಿ ಅಂತ ನೀನೇ ಆ ಹೆಸರಿನಲ್ಲಿ ಬರೆದಿರಬಹುದು. ಆದರೆ ನನ್ನ ಮೇಲೆ ನನಗೇ ಅನುಮಾನ ಬಂದಿದ್ದಕ್ಕೆ ತಾನೇ ನಾಲ್ಕು ಜನರನ್ನು ಕೇಳಿದ್ದು? ನನ್ನ ಮಾತನ್ನೇ ನನಗೆ ಬಡಿಸಿದರೆ ಹೇಗೆ? ಈಗ ಉಳಿದ ಏಳು ಜನ ಯಾರ್ಯಾರ ಮಕ್ಕಳೋ ಅಂತ ನೋಡುತ್ತಾ ಕೂತಿದ್ದೇನೆ.

ಊಟ ತಪ್ಪಿಸಬೇಡ. ಸಿಟ್ಟಿದ್ದರೂ ನಿನಗೆ ಒಳ್ಳೆಯದೇ ಆಗಲಿ.

ನಿನ್ನ ಅಮ್ಮ

ಮರೆತೆ: ಒಂದು ಪತ್ರದ ಕೊನೆಯ ಚುಕ್ಕೆಗೆ ಒದ್ದೆ ಹತ್ತಿ ಮುಟ್ಟಿಸಿ ನೋಡಿದೆ. ಚುಕ್ಕೆಯ ಶಾಯಿ ಪೂರ್ತಿ ಹತ್ತಿಗೆ ಬಂತು. ಪುಣ್ಯಕ್ಕೆ ಉಳಿದದ್ದು ಮುಟ್ಟಿಲ್ಲ. ಆದರೆ ಆ ಸಣ್ಣ ಗುಂಪಿನಲ್ಲಿರುವ ಫೋಟೋ ಅಂಗಡಿಯವರೊಬ್ಬರು ಗುರುಗಳ ಮಾತು ನಂಬಿ ಯಾರದೋ ಅಜ್ಜಿಯ ಪತ್ರಗಳಿಗೆ ಇವತ್ತು ಸಂಜೆ ಬ್ಲಾಟಿಂಗ್ ಪೇಪರ್ ಇಡುತ್ತಾರಂತೆ. ಬೇಡ ಅಂತ ಬರೆದೆ. ‘ನೀವು ಹೊಸಬರು, ಗುರುಗಳು ಹೇಳಲಿ’ ಅಂದರು. ಗುರುಗಳೇ, ಈಗಲೇ ಹೋಗಿ ಹೇಳಿ.