ಮಡಚಿದ ಕಿವಿಯ ಕರಡಿ

ಅಪ್ಪಾ, ಕೇಳು! ನೀನು ಕೋಡಂಗಿಯಾಗಿ ರಂಗಕ್ಕೆ ಬಂದರೆ ಕೊನೆಯ ಸಾಲಿನವರೂ ಹೊಟ್ಟೆ ಹಿಡಿದು ನಗುತ್ತಿದ್ದರಲ್ಲ, ಅಂಥ ನಿನ್ನನ್ನು ನಿನ್ನ ಮಗ ಇಂದು ತುಂಬಿದ ಸಭೆಯಲ್ಲಿ ‘ಯಾರದೋ’ ಎಂದುಬಿಟ್ಟ!

ನನ್ನ ಚಿತ್ರಪ್ರದರ್ಶನವಿತ್ತು. ಗೋಡೆಯಗಲದ ಕಪ್ಪು, ಅದರ ನಡುವೆ ಹಾಸಿಗೆ ಹಿಡಿದ ನೀನು, ಕೆಳಗೆ ನನ್ನ ಘನವಾದ ಹೆಸರು. ಮಕ್ಕಳ ಪುಸ್ತಕದಲ್ಲಿ ನಿನ್ನನ್ನೇ ಕರಡಿ ಮಾಡಿ ಕುಣಿಸುವ ಚಿತ್ರಕಾರ ‘ಗುಂಡ’ನೂ ನಾನೇ ಎಂಬುದು ಅಲ್ಲಿ ಯಾರಿಗೂ ತಿಳಿಯದು.

ಆ ಪುಸ್ತಕವನ್ನೇ ಅವುಚಿಕೊಂಡು ಒಬ್ಬ ಪುಟ್ಟ ಹುಡುಗಿ ಬಂದಳು.

“ಅಂಕಲ್, ಈ ತಾತನ ಕಿವಿನೂ ನಮ್ಮ ಕರಡಿ ಕಿವಿ ಥರಾನೇ ಮಡಚ್ಕೊಂಡಿದೆ! ಎರಡೂ ನೀವೇ ಬರೆದಿದ್ದಾ?”

ವಿಮರ್ಶಕರು ತಿರುಗಿ ನೋಡಿದರು.

“ಛೇ ಛೇ, ಆ ಕರಡಿ ಯಾರದೋ, ಪುಟ್ಟಿ” ಎಂದೆ.

“ಅವರು ಸಿಕ್ಕಿದ್ರೆ ಹೇಳಿ, ಅವರ ಕರಡಿ ನಂಗೆ ತುಂಬಾ ಇಷ್ಟ ಅಂತ. ನಿಮ್ಮ ಚಿತ್ರದ ತಾತ ನಗೋದೇ ಇಲ್ಲ.”

ಕೊನೆಯ ದಿನಗಳಲ್ಲಿ ಹಾಸಿಗೆಯಲ್ಲಿದ್ದಾಗಲೂ ನೀನು ನರ್ಸಮ್ಮನನ್ನು ನಗಿಸುತ್ತಿದ್ದೆ. ಪಕ್ಕದಲ್ಲೇ ಕುಳಿತಿದ್ದ ನಾನು ಬರೀ ಕಪ್ಪು ಬಳಿದೆ.

“ಹೇಳ್ತೀನಮ್ಮ” ಎಂದು ಮಾತು ಕೊಟ್ಟುಬಿಟ್ಟಿದ್ದೇನೆ. ಕರಡಿಯ ನಗು ನಿನ್ನದು, ನನಗೆ ಗುಂಡ ಎಂಬ ಹೆಸರೂ ನೀನಿಟ್ಟದ್ದು. ಆದ್ದರಿಂದ ನಿನಗೇ ಒಪ್ಪಿಸುತ್ತಿದ್ದೇನೆ: ನಿನ್ನ ಕರಡಿ ಅವಳಿಗೆ ತುಂಬಾ ಇಷ್ಟವಂತೆ, ಅಪ್ಪಾ.